ಗೆರೆಗೆ ಹೆದರಿದ ಬಸುರಿ

ಮೊದಲ ಗೆರೆಯನ್ನು ನಾನು ಕಂಡದ್ದು ಬಚ್ಚಲಲ್ಲಿ, ಚೊಚ್ಚಲ ಬಸಿರಿನ ಆರನೆಯ ತಿಂಗಳಲ್ಲಿ. ಎಡಗಡೆ ಸೊಂಟದ ಎಲುಬಿನ ತುಸು ಮೇಲೆ, ಲಂಗದ ಲಾಡಿ ಒತ್ತುವ ಜಾಗದಲ್ಲಿ, ಬೆರಳುದ್ದದ ಒಂದು ಗೆರೆ. ಬದನೆಕಾಯಿ ಸಿಪ್ಪೆಯ ಬಣ್ಣ. ಲಾಡಿ ಬಿಗಿಯಾಗಿ ಗುರುತು ಬಿದ್ದಿರಬೇಕು ಎಂದುಕೊಂಡು ಬಿಸಿನೀರು ಹಾಕಿ ತಿಕ್ಕಿದೆ. ಹೋಗಲಿಲ್ಲ. ಇನ್ನಷ್ಟು ತಿಕ್ಕಿದೆ. ಸುತ್ತಲಿನ ಚರ್ಮ ಉರಿಯತೊಡಗಿತೇ ಹೊರತು ಗೆರೆ ಇದ್ದ ಹಾಗೇ ಇತ್ತು.

ನಾಲ್ಕೈದು ದಿನಗಳಲ್ಲಿ ಅದರ ಪಕ್ಕಕ್ಕೆ ಇನ್ನೆರಡು ಬಂದವು. ನೆಟ್ಟಗಿರಲಿಲ್ಲ, ಮಣ್ಣಿನ ಮೇಲೆ ಏನೋ ಹರಿದುಹೋದ ಹಾಗೆ ಡೊಂಕು ಡೊಂಕಾಗಿ ಹೊಕ್ಕುಳಿನ ಕಡೆಗೆ ಏರುತ್ತಿದ್ದವು. ಆಮೇಲೊಂದು ಬೆಳಗ್ಗೆ ಬಲಗಡೆಯೂ ಅಂಥದೇ ಗೆರೆ ಕಂಡಿತು. ಕೈಯಲ್ಲಿದ್ದ ತಂಬಿಗೆ ಜಾರಿ ಬಚ್ಚಲ ಕಲ್ಲಿಗೆ ಬಡಿಯಿತು.

ಹೊರಗಿನಿಂದ ಅತ್ತೆ ಕೂಗಿದರು. "ಏನ್ ಬಿತ್ತಬೇ? ನೀ ಬಿದ್ದೇನು?"

"ಇಲ್ರಿ ಅತ್ತಿ, ತಂಬಿಗಿ ಬಿತ್ರಿ."

"ಸಾವಕಾಶ ನಿಲ್ಲು. ಬಸಿರ ಹೆಂಗಸು, ಬಚ್ಚಲ ಜಾರತೈತಿ."

ಒದ್ದೆ ಮೈಯಲ್ಲಿ ಗೋಡೆಗೆ ಆತು ನಿಂತೆ. ನನಗೆ ಏನಾಗಿದೆ ಎಂಬುದು ಆ ಗಳಿಗೆಯಲ್ಲಿ ಗೊತ್ತಾಗಿಹೋಗಿತ್ತು. ಅಂದರೆ, ಗೊತ್ತಾಯಿತು ಎಂದು ನಾನು ತಿಳಿದುಕೊಂಡೆ. ಎರಡೂ ಕಡೆಯಿಂದ ಸೊಂಟವನ್ನು ಸುತ್ತುತ್ತ ಬರುವ ಕೆಂಪು ರೋಗ ನನಗೆ ಗೊತ್ತಿದ್ದದ್ದು ಒಂದೇ. ಸರ್ಪಸುತ್ತು.

ನಾನು ಮೂರನೆಯ ಇಯತ್ತೆ ಓದುತ್ತಿದ್ದಾಗ ನನ್ನ ಅವ್ವನ ಅಕ್ಕ, ಪುರ್ತಗೇರಿಗೆ ಕೊಟ್ಟಿದ್ದ ನನ್ನ ದೊಡ್ಡವ್ವ, ಸರ್ಪಸುತ್ತು ಬಂದು ಮಲಗಿದ್ದಳು. ಅವ್ವನ ಸೆರಗು ಹಿಡಿದು ನೋಡಲು ಹೋಗಿದ್ದೆ. ಬೆನ್ನಿನಿಂದ ಹೊಟ್ಟೆಯವರೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಕಡ್ಡಿಯಿಂದ ಹಾವಿನ ಹೆಡೆ ಬರೆದಿದ್ದರು. ಸುತ್ತ ಕೂತ ಹೆಂಗಸರು ಬೆರಳಿಟ್ಟು ಅಳೆಯುತ್ತಿದ್ದರು. ಹೆಡೆಗೂ ಬಾಲಕ್ಕೂ ನಡುವೆ ಇನ್ನು ನಾಲ್ಕು ಬೆರಳಿದೆ ಎಂದು ಒಬ್ಬಳು, ಅಷ್ಟಿಲ್ಲ ಮೂರೇ ಎಂದು ಇನ್ನೊಬ್ಬಳು. ಕೂಡಿದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅವ್ವ ನನ್ನ ಬಾಯಿ ಮುಚ್ಚಿದಳು. ಎರಡು ತಿಂಗಳ ಮೇಲೆ ದೊಡ್ಡವ್ವ ತೀರಿಕೊಂಡಳು. ಕೂಡಿದರೆ ಏನಾಗುತ್ತದೆ ಎಂಬುದು ನನಗೆ ಯಾರೂ ಹೇಳದೆಯೇ ತಿಳಿಯಿತು.

ನಾನು ದರ್ಜಿ. ರೋಣದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಮಷಿನ್ನು ಇಟ್ಟುಕೊಂಡು ಜಂಪರ ಹೊಲಿಯುತ್ತೇನೆ. ಗಜೇಂದ್ರಗಡದಲ್ಲಿ ತವರಿನಲ್ಲಿದ್ದಾಗ ಕಲಿತದ್ದು. ದಿನಕ್ಕೆ ನಾಲ್ಕಾರು ಹೆಂಗಸರ ಎದೆ, ತೋಳು, ನಡು ಅಳೆಯುವವಳು. ಆದರೂ ಅಷ್ಟು ವರ್ಷಗಳಲ್ಲಿ ಇನ್ನೊಬ್ಬ ಹೆಂಗಸಿನ ಬರಿ ಹೊಟ್ಟೆಯನ್ನು ಒಮ್ಮೆಯೂ ನೋಡಿರಲಿಲ್ಲ. ಅಳತೆ ತೆಗೆಯುವುದೆಲ್ಲ ಸೆರಗಿನ ಮೇಲೆ, ಟೇಪು ಸಡಿಲ ಹಿಡಿದು. ಹಡೆದವರು ಬಂದರೆ ನಡುವಿನ ಅಳತೆ ಎರಡು ಇಂಚು ಹೆಚ್ಚು ಬರೆದುಕೊಳ್ಳುತ್ತಿದ್ದೆ, ಅಷ್ಟೇ. ಬಟ್ಟೆಯ ಕೆಳಗೆ ಅವರ ಮೈ ಏನಾಗಿದೆ ಎಂದು ನನಗೇನು ಗೊತ್ತು?

ಆ ದಿನದಿಂದ ನಾನು ನನ್ನ ಹೊಟ್ಟೆಯನ್ನೇ ಅಳೆಯತೊಡಗಿದೆ. ಗಂಡ ಬೆಳಗಾಗುತ್ತಲೇ ಸಾಮಾನಿನ ಗಾಡಿ ತೆಗೆದುಕೊಂಡು ನರಗುಂದಕ್ಕೋ ಗಜೇಂದ್ರಗಡಕ್ಕೋ ಹೋಗಿಬಿಡುತ್ತಿದ್ದ. ಅತ್ತೆ ಕೂಲಿಗೆ ಹೊಲಕ್ಕೆ. ಒಳಗಿನಿಂದ ಚಿಲಕ ಹಾಕಿಕೊಂಡು, ಎಡಗಡೆ ಗೆರೆಯ ತುದಿಯಿಂದ ಬಲಗಡೆ ಗೆರೆಯ ತುದಿಯವರೆಗೆ ಟೇಪು ಹಿಡಿಯುವುದು. ಹನ್ನೊಂದು ಇಂಚು. ಮೂರು ದಿನ ಬಿಟ್ಟು ಹತ್ತೂವರೆ. ಗಿರಾಕಿಗಳ ಅಳತೆ ಪುಸ್ತಕದ ಕಡೆಯ ಹಾಳೆಯಲ್ಲಿ ಹೆಸರಿಲ್ಲದೆ ಬರೆದಿಡುತ್ತಿದ್ದೆ. ಒಂದು ವಾರ ಅಳತೆ ಹೆಚ್ಚಾಗಿತ್ತು. ಖುಷಿಯಿಂದ ಅಂದು ಎರಡು ರೊಟ್ಟಿ ಹೆಚ್ಚು ತಿಂದೆ. ಆಮೇಲೆ ಹೊಳೆಯಿತು. ಗೆರೆ ಹಿಂದೆ ಸರಿದಿರಲಿಲ್ಲ, ಹೊಟ್ಟೆ ಬೆಳೆದಿತ್ತು. ಮರುವಾರ ಮತ್ತೆ ಹತ್ತು.

ಅಷ್ಟರಲ್ಲಿ ಮೈಯಲ್ಲಿ ಇನ್ನೂ ಏನೇನೋ ಶುರುವಾಯಿತು. ಹೊಕ್ಕುಳಿನಿಂದ ನೇರ ಕೆಳಕ್ಕೆ ಕಾಡಿಗೆಯಿಂದ ಎಳೆದ ಹಾಗೆ ಒಂದು ಕಪ್ಪು ಗೆರೆ. ಕುತ್ತಿಗೆ ಸುತ್ತ, ಕಂಕುಳಲ್ಲಿ ಮಾಸಲು. ಎರಡೂ ಕೆನ್ನೆಗಳ ಮೇಲೆ ಬಂಗು. ಹಲ್ಲು ತಿಕ್ಕಿದರೆ ವಸಡಿನಲ್ಲಿ ರಕ್ತ. ಸಂಜೆಯ ಹೊತ್ತಿಗೆ ಪಾದ ಬಾತು ಕಾಲುಂಗುರ ಕಚ್ಚಿಕೊಳ್ಳುತ್ತಿತ್ತು. ಇದ್ದಕ್ಕಿದ್ದಂತೆ ಹೊಕ್ಕುಳು ಹೊರಬಂದು ಗುಂಡಿಯ ಹಾಗೆ ನಿಂತಿತು. ಒಂದೊಂದಕ್ಕೂ ನಾನು ನನ್ನದೇ ಅರ್ಥ ಹಚ್ಚುತ್ತಿದ್ದೆ. ಕಪ್ಪು ಗೆರೆ ವಿಷ ಇಳಿಯುವ ದಾರಿ. ಬಂಗು ವಿಷ ಮುಖಕ್ಕೇರಿದ ಗುರುತು.

ಮೊಬೈಲಿನಲ್ಲಿ ಜಂಪರದ ಡಿಸೈನು ಹುಡುಕುವುದು ಗೊತ್ತಿತ್ತಲ್ಲ, ಹಾಗೇ "ಸೊಂಟದ ಸುತ್ತ ಕೆಂಪು ಗೆರೆ" ಎಂದು ಹುಡುಕಿದೆ. ಬಂದದ್ದು ಸರ್ಪಸುತ್ತಿನ ಚಿತ್ರಗಳು. ಬೊಕ್ಕೆ ಎದ್ದು ಕೀವು ತುಂಬಿದ ಬೆನ್ನುಗಳು. ಫೋನನ್ನು ಮಗುಚಿಟ್ಟು ಮಷಿನ್ನಿನ ಮೇಲೆ ತಲೆಯಿಟ್ಟು ಕೂತೆ. ಹುಡುಕಿದ್ದರಲ್ಲಿ "ಬಸುರಿ" ಎಂಬ ಮಾತನ್ನು ಸೇರಿಸಬೇಕೆಂದು ನನಗೆ ತೋಚಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ ಅವನು ಅವರವ್ವನಿಗೆ ಹೇಳುತ್ತಾನೆ. ಅತ್ತೆ ಕೂಸು ಸುಸೂತ್ರವಾಗಿ ಆಗಲಿ ಎಂದು ಇಟಗಿಯ ಭೀಮಾಂಬಿಕೆಗೆ ಹರಕೆ ಹೊತ್ತವರು. ಸೊಸೆಯ ಮೈಮೇಲೆ ಸರ್ಪ ಹರಿದಿದೆ ಎಂದು ತಿಳಿದರೆ ದೋಷದ ಬಸಿರು ಎಂದಾರು ಎಂಬ ಭಯ. ತಪಾಸಣೆಗೆ ಹೋದಾಗ ಸಿಸ್ಟರ್‌ಗೆ ಹೇಳಬಹುದಿತ್ತು. ಆದರೆ ಅಲ್ಲಿ ಬೆಂಚಿನ ತುಂಬ ನಮ್ಮ ಓಣಿಯ ಹೆಂಗಸರೇ ಕೂತಿರುತ್ತಿದ್ದರು. ಸಿಸ್ಟರ್ ಹೊಟ್ಟೆ ಮುಟ್ಟಿ ನೋಡುವಾಗ ನಾನು ಲಂಗವನ್ನು ಎಷ್ಟು ಬೇಕೋ ಅಷ್ಟೇ ಸಡಿಲಿಸಿ, ಎರಡೂ ಪಕ್ಕೆಗಳನ್ನು ಸೆರಗಿನಿಂದ ಮುಚ್ಚಿಕೊಂಡು ಮಲಗುತ್ತಿದ್ದೆ. ಆಕೆ ತಾಯಿ ಕಾರ್ಡಿನಲ್ಲಿ ಬರೆದು "ಎಲ್ಲಾ ಚಲೋ ಐತಿ" ಎನ್ನುತ್ತಿದ್ದಳು. ನಿನಗೇನು ಗೊತ್ತು ತಾಯಿ ಎಂದುಕೊಳ್ಳುತ್ತ ನಾನು ಮನೆಗೆ ಬರುತ್ತಿದ್ದೆ.

ಏಳು ತಿಂಗಳು ತುಂಬುವ ಮುಂಚೆ ಕುಬಸದ ದಿನ ಗೊತ್ತುಮಾಡಿದರು. ನಮ್ಮ ಕಡೆ ಚೊಚ್ಚಲ ಬಸುರಿಗೆ ಹಸಿರು ಸೀರೆ, ಹಸಿರು ಕುಬಸ ತೊಡಿಸಿ, ಹಸಿರು ಬಳೆ ಇಡಿಸಿ ಉಡಿ ತುಂಬುತ್ತಾರೆ. ಎಲ್ಲ ಸಂಭ್ರಮ ಸರಿ. ಆದರೆ ಆ ದಿನ ಹೆಂಗಸರು ಸೇರಿ ಬಸುರಿಗೆ ಎಣ್ಣೆ ಹಚ್ಚಿ ಎರೆಯುತ್ತಾರೆ. ಅತ್ತೆ ಹೋಳಿಗೆಗೆ ಬೇಳೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದರೆ ನನಗೆ ಕಣ್ಣೆದುರು ಬರುತ್ತಿದ್ದುದು ಒಂದೇ ಚಿತ್ರ. ಬಚ್ಚಲಲ್ಲಿ ಐದಾರು ಹೆಂಗಸರು, ನಡುವೆ ನಾನು ಬರಿಮೈಯಲ್ಲಿ, ಎಲ್ಲರ ಕೈ ಬಾಯಿಯ ಮೇಲೆ.

ಅಳತೆ ಎಂಟು ಇಂಚಿಗೆ ಬಂದಿತ್ತು.

ದೊಡ್ಡವ್ವನಿಗೆ ಕೆಮ್ಮಣ್ಣು ಬಳಿದಿದ್ದ ನಾಟಿವೈದ್ಯದ ಅಜ್ಜ ಇನ್ನೂ ಇದ್ದಾರೆಂದು ಅವ್ವನ ಬಾಯಲ್ಲಿ ಕೇಳಿದ್ದೆ. ಕುಬಸಕ್ಕೆ ವಾರವಿದ್ದಾಗ, ಸೀರೆ ನೋಡಿ ಬರುತ್ತೇನೆಂದು ಅತ್ತೆಗೆ ಹೇಳಿ ಗಜೇಂದ್ರಗಡದ ಬಸ್ಸು ಹತ್ತಿದೆ. ತವರಿಗೆ ಹೋಗದೆ ಬಸ್‌ಸ್ಟ್ಯಾಂಡಿನ ಹತ್ತಿರ ಟಂಟಂ ಹಿಡಿದು ಪುರ್ತಗೇರಿಗೆ ಹೋದೆ. ದಾರಿಯುದ್ದಕ್ಕೂ ಗಾಡಿ ಕುಣಿಯುತ್ತಿತ್ತು. ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಎಂಟು ಇಂಚು ಏಳಾಗುತ್ತಿದೆಯೇನೋ ಎಂದು ಬೆವರುತ್ತ ಕೂತಿದ್ದೆ.

ಅಜ್ಜ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ನಾನು ಯಾರ ಮಗಳೆಂದು ಹೇಳಿ, ಬಂದ ಕಾರಣ ಹೇಳಿದೆ. ಅವರು ಕೈ ನಿಲ್ಲಿಸಿ ನನ್ನ ಹೊಟ್ಟೆ ನೋಡಿದರು, ಆಮೇಲೆ ಮುಖ ನೋಡಿದರು.

"ಉರಿ ಐತೇನವಾ? ಬೆಂಕಿ ಹಚ್ಚಿದಾಂಗ?"

"ಇಲ್ರಿ ಅಜ್ಜಾರ. ಒಂದೀಟು ಕಡೀತೈತಿ ಅಷ್ಟ."

"ಬೊಕ್ಕಿ ಎದ್ದಾವೇನು?"

"ಇಲ್ರಿ."

"ಮತ್ತ ಅದು ಸರ್ಪಸುತ್ತ ಹ್ಯಾಂಗಾದೀತು?" ಎಂದು ಅವರು ಒಳಗೆ ಮುಖ ಮಾಡಿ ಕೂಗಿದರು. "ಏ, ಇಲ್ಲಿ ಬಾ. ಈ ಹುಡುಗಿ ಹೊಟ್ಟಿ ನೋಡು. ನಾ ನೋಡಾವಲ್ಲ ಅದು."

ಒಳಗಿನಿಂದ ಅವರ ಹೆಂಡತಿ ಬಂದಳು. ಆಕೆಯ ತಲೆ ನನ್ನ ಹೆಗಲಿಗೂ ಬರುತ್ತಿರಲಿಲ್ಲ, ಅಷ್ಟು ಗಿಡ್ಡ ಮುದುಕಿ. ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ನಾನು ಲಾಡಿ ಬಿಚ್ಚುವುದನ್ನು ನೋಡುತ್ತ ನಿಂತಳು. ಬೆಳಕಿಂಡಿಯ ಕೆಳಗೆ ನಿಲ್ಲಿಸಿ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಎಷ್ಟು ಜೋರಾಗಿ ನಕ್ಕಳೆಂದರೆ ಹೊರಗಿದ್ದ ಅಜ್ಜ "ಏನಾತು?" ಎಂದು ಕೇಳಿದರು.

"ಹುಚ್ಚ ಹುಡುಗಿ, ಇದು ಬಸಿರಿನ ಗೆರಿ! ಹೊಟ್ಟಿ ದೊಡ್ಡದಾಗಬೇಕಲ್ಲ, ತೊಗಲು ಹಿಗ್ಗತೈತಿ. ಹಿಗ್ಗಿ ಹಿಗ್ಗಿ ಕಡೀತೈತಿ, ಹಿಂಗ ಗೆರಿ ಬೀಳ್ತಾವ. ಎಲ್ಲಾರಿಗೂ ಬೀಳ್ತಾವ. ನಿಮ್ಮವ್ವಗೂ ಇದ್ದಾವು, ನೋಡಿಲ್ಲೇನು?"

"ಇಲ್ಲಬೇ ಅಮ್ಮಾ."

"ನೋಡಿಲ್ಲ?" ಎಂದವಳೇ ತನ್ನ ಸೀರೆಯ ಒಂದು ಬದಿಯನ್ನು ಸರಿಸಿದಳು. ಸುಕ್ಕುಗಟ್ಟಿದ ಹೊಟ್ಟೆಯ ತುಂಬ ಬಿಳಿ ಗೆರೆಗಳು, ನೀರು ಹರಿದು ಒಣಗಿದ ಮರಳಿನ ಹಾಗೆ. "ಆರು ಹಡದೀನಿ. ಎಣಸು ಬೇಕಾದ್ರ. ಹಾವು ಹರದಿದ್ರ ನಾ ಯಾವಾಗೋ ಮಣ್ಣಾಗ ಹೋಗ್ತಿದ್ದೆ."

ನಾನು ಅಲ್ಲೇ ಒಲೆಯ ಪಕ್ಕ ಕುಸಿದು ಕೂತು ಅತ್ತುಬಿಟ್ಟೆ. ಆಕೆ ನಗು ನಿಲ್ಲಿಸಿ ನನ್ನ ತಲೆ ಸವರಿದಳು. ಕಪ್ಪು ಗೆರೆ, ಬಂಗು, ಹೊಕ್ಕುಳು, ವಸಡು, ಎಲ್ಲವನ್ನೂ ಒಂದೊಂದಾಗಿ ಕೇಳಿದೆ. ಎಲ್ಲದಕ್ಕೂ ಆಕೆ ಹೂಂ ಎಂದಳು. ಹಡೆದ ಮೇಲೆ ಕೆಲವು ಹೋಗುತ್ತವೆ, ಕೆಲವು ತೆಳುವಾಗುತ್ತವೆ, ಗೆರೆಗಳು ಬೆಳ್ಳಗಾಗಿ ಉಳಿಯುತ್ತವೆ ಎಂದಳು. ಕಾಲು ಬಾಯುವುದನ್ನು ಮಾತ್ರ ಸಿಸ್ಟರ್‌ಗೆ ತೋರಿಸು, ಮುಖ ಕೈ ಬಾತರೆ ತಡಮಾಡಬೇಡ ಎಂದಳು.

ಹೊರಡುವಾಗ ಅಜ್ಜ ಹೇಳಿದರು. "ನಿಮ್ಮ ದೊಡ್ಡವ್ವ ಸತ್ತದ್ದು ಆ ಹುಣ್ಣಿನಿಂದ ಅಲ್ಲವಾ. ಅದು ಒಣಗಿ ತಿಂಗಳಾಗಿತ್ತು. ಎದಿನೋವು ಬಂದಿತ್ತು ಆಕಿಗೆ. ಕೂಡೂದು ಗೀಡೂದು ಎಲ್ಲಾ ಮಂದಿ ಮಾತು."

ಇಪ್ಪತ್ತು ವರ್ಷದ ಹೆದರಿಕೆ ಅದು. ಒಂದು ಮಾತಿನಲ್ಲಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಆ ದಿನ ಬಸ್ಸಿನಲ್ಲಿ ರೋಣಕ್ಕೆ ಬರುವವರೆಗೆ ನಿದ್ದೆ ಮಾಡಿದೆ.

ಆ ಮುದುಕಿ ಬಾಯಿ ಕಟ್ಟಿಕೊಳ್ಳುವವಳಲ್ಲ. ಸಂತೆಯಲ್ಲಿ ನನ್ನ ಅವ್ವ ಸಿಕ್ಕಾಗ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಕುಬಸದ ದಿನದ ಹೊತ್ತಿಗೆ ಎರಡೂ ಮನೆಯವರಿಗೆ ಸುದ್ದಿ ಮುಟ್ಟಿತ್ತು. ನನಗೆ ಎಣ್ಣೆ ಹಚ್ಚುತ್ತ ಹೆಂಗಸರು ಬಿದ್ದು ಬಿದ್ದು ನಕ್ಕರು. "ಹಾವು ಎಲ್ಲೈತಬೇ, ನಮಗೂ ತೋರಸು" ಎಂದು ಒಬ್ಬಳು. "ಹಾಲ ಎರಿರಿ ಮೊದಲ" ಎಂದು ಇನ್ನೊಬ್ಬಳು. ಗಂಡನ ಗೆಳೆಯರವರೆಗೂ ಹೋಯಿತು ಕಥೆ. ನಾನೂ ನಕ್ಕೆ. ನಗದೆ ಇದ್ದವರು ಅತ್ತೆ ಒಬ್ಬರೇ. ಎಲ್ಲರೂ ಊಟಕ್ಕೆ ಹೋದಾಗ ನನ್ನ ಕೂದಲು ಒರೆಸುತ್ತ, "ನನ್ನ ಮುಂದ ಹೇಳಬೇಕಂತ ಅನಸಲಿಲ್ಲೇನು ನಿನಗ?" ಎಂದರು. ನಾನು ತಲೆ ತಗ್ಗಿಸಿದೆ. "ಅಂಜಿಕಿ ಹುಟ್ಟೂ ಹಾಂಗ ಇದ್ದೀನೇನೋ ನಾನು" ಎಂದು, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ನಕ್ಕದ್ದು ತಪ್ಪಲ್ಲ. ಪ್ರೀತಿಯಿಂದಲೇ ನಕ್ಕಿದ್ದರು. ಆದರೆ ಆ ನಗು ನನ್ನ ಬಾಯಿಗೆ ಎಂಥ ಬೀಗ ಹಾಕಿತೆಂಬುದು ಯಾರಿಗೂ ಗೊತ್ತಾಗಲಿಲ್ಲ.

ಎಂಟನೆಯ ತಿಂಗಳಲ್ಲಿ ಗಜೇಂದ್ರಗಡಕ್ಕೆ, ತವರಿಗೆ ಬಂದೆ. ಅಪ್ಪ ಇಲ್ಲ. ಅವ್ವ ನೇಕಾರರ ಮನೆಗಳಿಗೆ ಮಗ್ಗದ ಕಂಡಿಕೆ ಸುತ್ತಿಕೊಡುತ್ತಾಳೆ. ರಾಟೆ ತಿರುಗಿಸಿ ನೂಲನ್ನು ಸಣ್ಣ ಕೊಳವೆಗಳಿಗೆ ಸುತ್ತುವ ಕೆಲಸ. ಬಂದ ಕೆಲವು ದಿನಕ್ಕೆ ನನ್ನ ಅಂಗೈ ಕಡಿಯತೊಡಗಿತು. ಆಮೇಲೆ ಅಂಗಾಲು. ಮೇಲೆ ನೋಡಿದರೆ ಏನೂ ಇಲ್ಲ; ಬೊಕ್ಕೆಯಿಲ್ಲ, ಕೆಂಪಿಲ್ಲ, ಗೆರೆಯೂ ಇಲ್ಲ. ಒಳಗಿನಿಂದ ಸಾವಿರ ಇರುವೆ ಹರಿದ ಹಾಗೆ. ಕೆರೆದರೆ ಇನ್ನೂ ಹೆಚ್ಚು. ಅಂಗಾಲನ್ನು ಹೊರಸಿನ ಹಗ್ಗಕ್ಕೆ ತಿಕ್ಕುತ್ತಿದ್ದೆ. ಅಂಗೈಯನ್ನು ಬಾಚಣಿಗೆಯ ಹಲ್ಲಿನಿಂದ ಕೆರೆದುಕೊಳ್ಳುತ್ತಿದ್ದೆ. ಕತ್ತಲಾದರೆ ಜಾಸ್ತಿ, ನಿದ್ದೆ ಎಂಬುದೇ ಇಲ್ಲವಾಯಿತು.

ಹೆದರಿಕೆ ಮತ್ತೆ ಬಂತು. ಈ ಸಲ ಅದಕ್ಕೆ ಹೆಸರೂ ಇರಲಿಲ್ಲ. ಆದರೆ ಪ್ರತಿ ಸಲ ಬಾಯಿ ತೆರೆಯಬೇಕೆಂದಾಗ ಕುಬಸದ ದಿನದ ನಗು ಕಿವಿಯಲ್ಲಿ ಕೇಳುತ್ತಿತ್ತು. ಮತ್ತೊಂದು ಹಾವು ತಂದಳು ಎಂದಾರು. ತೊಗಲು ಹಿಗ್ಗಿದರೆ ಕಡಿಯುತ್ತದೆ ಎಂದು ಮುದುಕಿ ಹೇಳಿದ್ದಳಲ್ಲ, ಇದೂ ಅದೇ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗೈ ಏನು ಹಿಗ್ಗುತ್ತದೆ ಎಂದು ಒಳಗಿನಿಂದ ಯಾರೋ ಕೇಳುತ್ತಿದ್ದರು.

ಹೀಗೆ ಹತ್ತು ಹನ್ನೆರಡು ದಿನ ಕಳೆದವು.

ಒಂದು ಮಧ್ಯಾಹ್ನ ಅವ್ವನಿಗೆ ಕೆಲಸ ಹೆಚ್ಚಾಗಿತ್ತು. ಸುಮ್ಮನೆ ಕೂತಿರಲಾರದೆ ನಾನೂ ರಾಟೆಯ ಮುಂದೆ ಕೂತೆ. ಕೈಗೆ ಕೆಲಸ ಸಿಕ್ಕರೆ ಕಡಿತ ಮರೆಯುತ್ತದೆ ಎಂಬ ಆಸೆ. ನೂಲು ಬೆರಳ ನಡುವೆ ಹರಿಯುತ್ತಿದ್ದರೆ ಹಿತವಾಗಿತ್ತು. ಏಳೆಂಟು ಕಂಡಿಕೆ ಸುತ್ತಿದ್ದೆ. ಅವ್ವ ಬುಟ್ಟಿಗೆ ತುಂಬಲು ಬಂದವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಈ ನೂಲಿಗೆ ಏನ್ ಹತ್ತೇತಿದು?"

ಬಿಳಿ ನೂಲಿನ ಮೇಲೆ ತುಕ್ಕಿನ ಬಣ್ಣದ ಕಲೆಗಳು. ಒಂದರ ಮೇಲಲ್ಲ, ಎಲ್ಲದರ ಮೇಲೂ. ಅವ್ವ ನನ್ನ ಕೈ ಎಳೆದುಕೊಂಡು ಬಿಡಿಸಿ ನೋಡಿದಳು. ಅಂಗೈ ತುಂಬ ಬಾಚಣಿಗೆಯ ಗೀರುಗಳು, ಕೆಲವು ಒಣಗಿ, ಕೆಲವು ಈಗ ತಾನೇ ಒಡೆದು.

"ಯಾರ ಮಾಡಿದ್ರು ಇದನ್ನ?"

"ನಾನಽ ಯವ್ವಾ. ಕಡೀತೈತಿ. ತಡಕೊಳ್ಳಾಕ ಆಗವಲ್ದು."

"ಎಂದಿನಿಂದ?"

ನಾನು ಹೇಳಿದೆ. ಅವ್ವ ಬೈಯುತ್ತಾಳೆಂದುಕೊಂಡಿದ್ದೆ. ಆಕೆ ರಾಟೆಯನ್ನು ಬದಿಗೆ ಸರಿಸಿ, ಸೀರೆ ಬದಲಿಸದೆ, ಚಪ್ಪಲಿ ಮೆಟ್ಟಿದಳು. "ಏಳು. ದವಾಖಾನಿಗೆ ನಡಿ. ಹಾವಾರ ಇರಲಿ ಹಲ್ಲ್ಯಾರ ಇರಲಿ, ಮಂದಿ ನಗಲಿ. ಏಳು."

ಸರಕಾರಿ ದವಾಖಾನೆಯಲ್ಲಿ ಅಂದು ಡಾಕ್ಟರಮ್ಮ ಇದ್ದರು. ಸಾವಕಾಶ ಮಾತಾಡುವ, ನಡುವಯಸ್ಸಿನ ಹೆಂಗಸು. ನನ್ನ ಅಂಗೈ ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು.

"ಮೈಮ್ಯಾಲೆ ಎಲ್ಲೆರ ಗುಳ್ಳಿ ಎದ್ದಾವೇನು?"

"ಇಲ್ರಿ."

"ಅಂಗೈ ಅಂಗಾಲಿಗೆ ಜಾಸ್ತಿ ಐತಿ, ಹೌದಿಲ್ಲೊ?"

"ಹೌದ್ರಿ."

"ಮೂತ್ರದ ಬಣ್ಣ?"

ನನಗೆ ನಾಚಿಕೆಯಾಯಿತು. "ಕಡು ಹಳದಿರಿ. ಬಿಸಲಿಗೆ ಅಂತ ತಿಳಕೊಂಡಿದ್ದೆ."

"ಕೂಸು ಹೊಳ್ಳಾಡತೈತಿ?"

ಕೆರೆದುಕೊಳ್ಳುವುದರಲ್ಲಿ ಕೂಸಿನ ಕಡೆ ಗಮನವನ್ನೇ ಕೊಟ್ಟಿರಲಿಲ್ಲ. ನಿನ್ನೆ ಒದ್ದಿತ್ತೇ? ಮೊನ್ನೆಯೇ? ನೆನಪು ಮಾಡಿಕೊಳ್ಳಲು ಹೋದಷ್ಟೂ ತಲೆ ಖಾಲಿಯಾಯಿತು. ಡಾಕ್ಟರಮ್ಮ ನನ್ನನ್ನು ಮಲಗಿಸಿ ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಮೊದಲು ಬರಿ ಗೊರಗೊರ ಸದ್ದು. ಯಂತ್ರ ಸರಿಸಿದರು. ಮತ್ತೆ ಗೊರಗೊರ. ಆ ಎರಡು ಗಳಿಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವ್ವ ನನ್ನ ಪಾದ ಹಿಡಿದುಕೊಂಡು ನಿಂತಿದ್ದಳು. ಆಕೆಯ ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ಆಮೇಲೆ ಎಲ್ಲಿಂದಲೋ ದಬದಬ ಎಂದು ಬಂತು. ಓಡುವ ಕುದುರೆಯ ಹಾಗೆ.

"ಐತಿ, ಚಲೋ ಐತಿ," ಎಂದರು ಡಾಕ್ಟರಮ್ಮ. ಆದರೆ ನಗಲಿಲ್ಲ. "ನೋಡವಾ, ಬಸಿರಾಗಿದ್ದಾಗ ಮೈ ಕಡಿಯೂದು ಭಾಳ ಮಂದಿಗೆ ಆಗತೈತಿ, ಅದಕ್ಕ ಅಂಜೂದು ಬ್ಯಾಡ. ಆದ್ರ ಗುಳ್ಳಿ ಇಲ್ಲದ ಹಿಂಗ ಅಂಗೈ ಅಂಗಾಲು ಕಡಿದ್ರ ಅದು ಬ್ಯಾರೆ. ಲಿವರಿನಾಗಿನ ಪಿತ್ತ ರಕ್ತಕ್ಕ ಸೇರಿರಬಹುದು. ನಿನಗ ಅದು ಬರೇ ಕಡಿತ. ಕೂಸಿಗೆ ತ್ರಾಸು. ರಕ್ತ ತಪಾಸ ಮಾಡಸಬೇಕು. ಇಲ್ಲಿ ಆಗೂದಿಲ್ಲ, ಗದಗಿಗೆ ಹೋಗು. ನಾಳಿ ಅಲ್ಲ, ಇವತ್ತ."

ಗಂಡನಿಗೆ ಫೋನು ಮಾಡಿದೆವು. ಅವನು ಗೆಳೆಯನ ಕಾರು ಕೇಳಿ ತೆಗೆದುಕೊಂಡು ಬಂದ. ಬರುವಾಗ ರೋಣದಿಂದ ಅತ್ತೆಯನ್ನೂ ಕರೆತಂದಿದ್ದ. ಹೊಲದಿಂದ ನೇರ ಬಂದವರು, ಸೀರೆಯ ಅಂಚಿಗೆ ಇನ್ನೂ ಕರಿಮಣ್ಣು ಮೆತ್ತಿತ್ತು. ಹಿಂದಿನ ಸೀಟಿನಲ್ಲಿ ಅವ್ವ ಒಂದು ಕಡೆ, ಅತ್ತೆ ಒಂದು ಕಡೆ, ನಡುವೆ ನಾನು. ನರೇಗಲ್ ದಾಟುವವರೆಗೆ ನಾನು ಹೊಟ್ಟೆಯ ಮೇಲೆ ಕೈಯಿಟ್ಟು, ಒದೆಯೋ, ಒಂದು ಸಲ ಒದೆಯೋ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅದು ಒದ್ದಾಗ ಜೋರಾಗಿ ಕಿರುಚಿಬಿಟ್ಟೆ. ಗಂಡ ಹೆದರಿ ಕಾರನ್ನು ಬದಿಗೆ ನಿಲ್ಲಿಸಿದ.

"ಏನಾತು? ಏನಾತು?"

"ಒದೀತು," ಎಂದೆ.

ಅವನು ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಹಿಂದಿನಿಂದ ಲಾರಿಯವನು ಹಾರ್ನು ಹೊಡೆಯುತ್ತಿದ್ದ.

ಗದಗಿನ ದೊಡ್ಡ ದವಾಖಾನೆಯಲ್ಲಿ ರಕ್ತ ತೆಗೆದರು. ಡಾಕ್ಟರಮ್ಮ ಹೇಳಿದ್ದೇ ನಿಜವಾಗಿತ್ತು. ಪಿತ್ತ ಹೆಚ್ಚಾಗಿತ್ತು. ಗುಳಿಗೆ ಕೊಟ್ಟು ಅಲ್ಲೇ ಇಟ್ಟುಕೊಂಡರು. ತಿಂಗಳು ಪೂರ್ತಿ ತುಂಬುವವರೆಗೆ ಕಾಯುವುದು ಕೂಸಿಗೆ ಒಳ್ಳೆಯದಲ್ಲ, ಮೂವತ್ತೇಳು ವಾರಕ್ಕೆ ನೋವು ಬರಿಸುತ್ತೇವೆ ಎಂದರು. ಅಲ್ಲಿಯವರೆಗೆ ಹದಿನಾರು ದಿನ. ಕೂಸು ಎಷ್ಟು ಸಲ ಹೊರಳಿತು ಎಂದು ದಿನವೂ ಎಣಿಸಬೇಕು, ಕಡಿಮೆಯಾದರೆ ಆ ಕ್ಷಣ ಹೇಳಬೇಕು ಎಂದರು ಸಿಸ್ಟರ್.

ಆ ಹದಿನಾರು ದಿನ ನಾನು ಎಣಿಸುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಊಟ ಮಾಡುವಾಗಲೂ ಎಡಗೈ ಹೊಟ್ಟೆಯ ಮೇಲೆ. ನನಗೆ ಕಣ್ಣು ಮುಚ್ಚಿದರೆ ಅತ್ತೆ ಕೈಯಿಟ್ಟು ಕೂರುತ್ತಿದ್ದರು. ಆ ಗೆರೆಗಳ ಮೇಲೆಯೇ, ಹೊಲದ ಕೆಲಸದಿಂದ ಒರಟಾದ ಅಂಗೈ. ಯಾವ ಹೊಟ್ಟೆಯನ್ನು ಅವರ ಕಣ್ಣಿನಿಂದ ಮರೆಸಲು ತಿಂಗಳುಗಟ್ಟಲೆ ಒದ್ದಾಡಿದ್ದೆನೋ ಆ ಹೊಟ್ಟೆ. ಒಂದು ದಿನ ಅವರು ತಾವಾಗಿಯೇ ಹೇಳಿದರು.

"ನನ್ನ ಮೊದಲನೇದು ಹೊಟ್ಟ್ಯಾಗಽ ಹೋತು. ನಿನ್ನ ಗಂಡನಕಿಂತ ಮೊದಲ. ಎರಡ ದಿನ ಅಲುಗಾಡಿರಲಿಲ್ಲ. ನಮ್ಮತ್ತಿ ಮುಂದ ಹೇಳಾಕ ಅಂಜಿ ಸುಮ್ನ ಕೆಲಸ ಮಾಡ್ಕೋತ ಇದ್ದೆ."

ನಾನು ಅವರ ಕೈಯ ಮೇಲೆ ನನ್ನ ಕೈಯಿಟ್ಟೆ. ಅದು ಗಂಡನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ನೋವು ಬರಿಸಿದ ದಿನ ಬೆಳಗ್ಗೆಯಿಂದ ಸಂಜೆಯವರೆಗೆ ನಡೆಯಿತು. ಅದರ ವಿವರ ಹಡೆದವರಿಗೆ ಬೇಡ, ಹಡೆಯದವರಿಗೆ ಹೇಳಿದರೂ ತಿಳಿಯದು. ಸಂಜೆ ಐದು ಗಂಟೆಯ ಸುಮಾರಿಗೆ ಹೆಣ್ಣು ಕೂಸು ಆಯಿತು. ಹುಟ್ಟಿದ ಕೂಡಲೇ ಅಳಲಿಲ್ಲ. ಸಿಸ್ಟರ್ ಅದರ ಬೆನ್ನು ತಿಕ್ಕುತ್ತಿದ್ದಳು. "ಯಾಕ ಅಳವಲ್ದು? ಯಾಕ ಅಳವಲ್ದು?" ಎಂದು ನಾನು ಕೇಳುತ್ತಲೇ ಇದ್ದೆ. ಆಮೇಲೆ ಅದು ಸೀನಿತು. ಸೀನಿ, ಸಿಟ್ಟು ಬಂದ ಹಾಗೆ ಅತ್ತಿತು. ಬಾಗಿಲಾಚೆ ಅವ್ವನ ದನಿ ಕೇಳಿಸಿತು. ಆಕೆಯೂ ಅಳುತ್ತಿದ್ದಳು.

ಅಂಗೈ ಕಡಿತ ಮೂರನೆಯ ದಿನಕ್ಕೆ ಸಂಪೂರ್ಣ ನಿಂತಿತು. ಬಂಗು ಕರಗಲು ಆರು ತಿಂಗಳು ಹಿಡಿಯಿತು. ಬಾಣಂತನದಲ್ಲಿ ಕೂದಲು ಹಿಡಿಹಿಡಿಯಾಗಿ ಉದುರಿ ಮತ್ತೆ ಬಂತು. ಆಗ ನಾನು ಹೆದರಲಿಲ್ಲ ಎಂದು ಹೇಳಲಾರೆ. ಹೆದರಿದೆ, ಆದರೆ ಅಂದೇ ಅವ್ವನನ್ನು ಕೇಳಿದೆ. ಹೊಟ್ಟೆ ಸಡಿಲಾಗಿ ಉಳಿದಿದೆ. ಗೆರೆಗಳು ಬೆಳ್ಳಗಾಗಿವೆ.

ಮನೆಗೆ ಕಳಿಸುವಾಗ ದವಾಖಾನೆಯಲ್ಲಿ ಹೇಳಿದ್ದರು, ಒಮ್ಮೆ ಬಂದ ಈ ರೋಗ ಮುಂದಿನ ಬಸಿರಿನಲ್ಲೂ ಬರಬಹುದು, ಮೊದಲ ದಿನದಿಂದಲೇ ತಿಳಿಸಬೇಕು ಎಂದು. ಮಗಳಿಗೆ ಈಗ ಮೂರು ವರ್ಷ. ಅವಳಿಗೊಬ್ಬ ಜೊತೆಗಾರ ಬೇಡವೇ ಎಂದು ಕೇಳುವವರು ಕೇಳುತ್ತಾರೆ. ನಾನು ನಕ್ಕು ಮಾತು ಬದಲಿಸುತ್ತೇನೆ. ಆ ಗೊರಗೊರ ಸದ್ದನ್ನು ಕೇಳಿದವಳು ನಾನು, ಅವರಲ್ಲ.

ಈ ತಿಂಗಳು ನನಗೆ ಹತ್ತು ದಿನ ತಡವಾಗಿದೆ. ನಿನ್ನೆ ಬೆಳಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಹೋಗಿ ಅವರ ಪಕ್ಕ ಕೂತೆ. ಇನ್ನೂ ಗಂಡನಿಗೆ ಹೇಳಿರಲಿಲ್ಲ.

"ಅತ್ತಿ, ಹತ್ತ ದಿನ ಆತ್ರಿ. ನನಗ ಅಂಜಿಕಿ ಆಗೇತಿ."

ಅವರು ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನನ್ನನ್ನು ನೋಡಿದರು. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು.

"ನನಗೂ ಆಗತೈತಿ," ಎಂದರು. ರೊಟ್ಟಿ ತೆಗೆದಿಟ್ಟು ಒಲೆ ಆರಿಸಿದರು. "ಇವತ್ತ ಹೊಲಕ್ಕ ಹೋಗೂದಿಲ್ಲ. ಕಾರ್ಡು, ಹಳೇ ಕಾಗದ ಎಲ್ಲಾ ತಗೋ."

ದವಾಖಾನೆಯ ಬಾಗಿಲು ಒಂಬತ್ತಕ್ಕೆ ತೆರೆಯುತ್ತದೆ. ನಾವು ಎಂಟೂವರೆಗೇ ಹೋಗಿ, ಮಗಳನ್ನು ನಡುವೆ ಕೂರಿಸಿಕೊಂಡು, ಹೊರಗಿನ ಕಟ್ಟೆಯ ಮೇಲೆ ಕಾಯುತ್ತ ಕೂತೆವು.